ಗ್ರಾಮ ಸಭೆಗೆ ಪಿಸ್ತೂಲು ಬೇಕೆಂದು ಅರ್ಜಿ ಹಾಕಿದ ಆರು ತಿಂಗಳು

2024ರ ಫೆಬ್ರವರಿಯಲ್ಲಿ ನಾನು ಸ್ವರಕ್ಷಣೆಗೆಂದು ಪಿಸ್ತೂಲಿನ ಪರವಾನಗಿ ಕೋರಿ ಅರ್ಜಿ ಸಲ್ಲಿಸಿದೆ. ಅದೇ ವರ್ಷದ ಆಗಸ್ಟಿನಲ್ಲಿ, ಅದರ ಮೇಲೆ ಆದೇಶವಾಗುವ ಮೊದಲೇ, ಲಿಖಿತವಾಗಿ ಹಿಂದಕ್ಕೆ ಪಡೆದೆ. ಆಗ ನಾನು ದಕ್ಷಿಣ ಕನ್ನಡದ ಘಟ್ಟದ ತಪ್ಪಲಿನ ಒಂದು ಗ್ರಾಮ ಪಂಚಾಯತ್‌ನ ಅಧ್ಯಕ್ಷನಾಗಿದ್ದೆ. ಮನೆಯವರು, ಪಂಚಾಯತ್‌ನ ಒಂದಿಬ್ಬರು ಸದಸ್ಯರು ಮತ್ತು ಠಾಣೆಯವರನ್ನು ಬಿಟ್ಟರೆ ಈ ಸಂಗತಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. 2025ರ ಜೂನ್‌ನಲ್ಲಿ ಬಿಹಾರ ಸರಕಾರವು, ಮುಖಿಯಾ, ಸರಪಂಚ ಮೊದಲಾದ ಪಂಚಾಯತ್ ಪ್ರತಿನಿಧಿಗಳು ಶಸ್ತ್ರ ಪರವಾನಗಿಗಾಗಿ ಸಲ್ಲಿಸುವ ಅರ್ಜಿಗಳನ್ನು ತಡಮಾಡದೆ ವಿಲೇವಾರಿ ಮಾಡಬೇಕೆಂದು ಜಿಲ್ಲಾಧಿಕಾರಿಗಳಿಗೆ ಸೂಚಿಸಿದ ಸುದ್ದಿ ಬಂದಾಗ, ನನ್ನ ಅರ್ಜಿಯ ವಿಷಯ ಬಲ್ಲ ಸ್ನೇಹಿತರೊಬ್ಬರು ಫೋನ್ ಮಾಡಿ, "ನೀವು ಅವಸರ ಮಾಡಿ ಹಿಂದೆ ತೆಗೆದಿರಿ ಮಾರಾಯರೆ, ಇನ್ನೊಂದು ವರ್ಷ ಕಾದಿದ್ದರೆ ಇಲ್ಲಿಯೂ ಇಂಥ ಆದೇಶ ಬರುತ್ತಿತ್ತೋ ಏನೋ" ಎಂದರು. ಅವಸರದಿಂದ ಹಿಂತೆಗೆದದ್ದಲ್ಲ ಎಂದು ಅವರಿಗೆ ಫೋನಿನಲ್ಲಿ ವಿವರಿಸಲು ನನಗೆ ಸಾಧ್ಯವಾಗಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಕೋವಿ ನನಗೆ ಹೊಸದಲ್ಲ. ಅಡಿಕೆ, ತೆಂಗು, ಕೊಕ್ಕೊ ಬೆಳೆಯುವ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇರುತ್ತದೆ. ಮಂಗಗಳ ಹಿಂಡು ಎಳನೀರು ಕೊರೆದು ಬಿಸಾಡುವುದನ್ನು, ಕಾಡುಹಂದಿ ಒಂದೇ ರಾತ್ರಿಯಲ್ಲಿ ಬಾಳೆಯ ಸಾಲನ್ನು ಮಗುಚಿ ಹಾಕುವುದನ್ನು ಕಂಡವರಿಗೆ ಅದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವನ್ಯಜೀವಿ ಕಾಯಿದೆಯ ಕಟ್ಟುಪಾಡುಗಳಿರುವುದರಿಂದ ಕೊಲ್ಲುವುದಕ್ಕಿಂತ ಸದ್ದು ಮಾಡಿ ಓಡಿಸುವುದಕ್ಕೇ ಅದು ಬಳಕೆಯಾಗುವುದು ಹೆಚ್ಚು. ನಮ್ಮ ಮನೆಯದು ಒಂಟಿ ನಳಿಗೆಯ ಹಳೆಯ ಕೋವಿ. ತಂದೆಯವರು 2017ರಲ್ಲಿ ತೀರಿಕೊಂಡ ಮೇಲೆ, ಅಕ್ಕ ಮತ್ತು ತಮ್ಮನ ಒಪ್ಪಿಗೆ ಪತ್ರಗಳನ್ನು ಜೊತೆಗಿಟ್ಟು, ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. 2016ರ ಆಯುಧ ನಿಯಮಗಳ ಪ್ರಕಾರ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕೆಂದರು. ಅದಕ್ಕಾಗಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರಿದೆ. ಆ ಮೈದಾನದಲ್ಲಿ ಕಲಿತ ಒಂದು ಮಾತು ಮುಂದೆ ಈ ಕಥನದಲ್ಲಿ ಬರುತ್ತದೆ.

2020ರ ಡಿಸೆಂಬರಿನ ಚುನಾವಣೆಯಲ್ಲಿ ನಾನು ಸದಸ್ಯನಾಗಿ ಆಯ್ಕೆಯಾದೆ. 2023ರ ಆಗಸ್ಟಿನಲ್ಲಿ, ಎರಡನೆಯ ಮೂವತ್ತು ತಿಂಗಳ ಅವಧಿಗೆ, ಅಧ್ಯಕ್ಷ ಸ್ಥಾನ ನನಗೆ ಬಂತು. ಬಂದ ತಿಂಗಳಲ್ಲೇ ಕೆಂಪುಕಲ್ಲಿನ ಕೋರೆಯ ವಿಷಯ ಮೇಜಿನ ಮೇಲೆ ಬಿತ್ತು. ಕಲ್ಲು ಹೇರಿದ ಲಾರಿಗಳು ಓಡಾಡಿ ಪಂಚಾಯತ್ ರಸ್ತೆಯ ಒಂದು ಮೋರಿ ಕುಸಿದಿತ್ತು. ಶಾಲೆಯ ಮಕ್ಕಳು ಮಳೆಗಾಲವಿಡೀ ಅಡಿಕೆ ಮರದ ಸಂಕದ ಮೇಲೆ ದಾಟಿದ್ದರು. ಆ ರಸ್ತೆಯಲ್ಲಿ ಭಾರದ ಲಾರಿಗಳು ಹೋಗಕೂಡದೆಂದು ನಾವು ನಿರ್ಣಯ ಮಾಡಿದೆವು. ಅಲ್ಲಿಂದ ಫೋನ್ ಕರೆಗಳು ಆರಂಭವಾದವು. ಮೊದಲಿಗೆ ವಿನಂತಿ, ಅನಂತರ ಬೈಗುಳ, ಕೊನೆಗೆ, "ಸಂಜೆ ಮೇಲೆ ಬೈಕಿನಲ್ಲಿ ಒಬ್ಬರೇ ಬರುವಾಗ ಸ್ವಲ್ಪ ಜಾಗ್ರತೆ ಅಧ್ಯಕ್ಷರೇ" ಎಂಬ ಮಾತು. ಬೈಗುಳಕ್ಕಿಂತ ಆ 'ಜಾಗ್ರತೆ' ಎಂಬ ಶಬ್ದವೇ ನನ್ನನ್ನು ಹೆಚ್ಚು ದಿನ ಕಾಡಿತು.

2024ರ ಜನವರಿಯ ಗ್ರಾಮ ಸಭೆ ನಡೆದದ್ದು ಹಿರಿಯ ಪ್ರಾಥಮಿಕ ಶಾಲೆಯ ಸಭಾಂಗಣದಲ್ಲಿ. ಸುಮಾರು ನೂರೈವತ್ತು ಜನ ಸೇರಿದ್ದರು. ಕೃಷಿ ಇಲಾಖೆಯವರು ಮಾಹಿತಿ ಕೊಟ್ಟು ಕುಳಿತದ್ದಷ್ಟೇ, ಹಿಂದಿನ ಸಾಲಿನಿಂದ ಐದಾರು ಯುವಕರು ಎದ್ದು ಬಂದರು. ಕೋರೆಯಲ್ಲಿ ಕಲ್ಲು ಹೇರುವ ಕೆಲಸ ಮಾಡುವವರು. ನಿರ್ಣಯದಿಂದ ಎರಡು ತಿಂಗಳು ಕೂಲಿಯಿಲ್ಲದೆ ಕುಳಿತವರು. ಒಬ್ಬ ನನ್ನ ಕೈಯಿಂದ ಮೈಕು ಕಿತ್ತುಕೊಂಡ, ಇನ್ನೊಬ್ಬ ಎತ್ತಿ ಒಗೆದ ಪ್ಲಾಸ್ಟಿಕ್ ಕುರ್ಚಿ ಮೇಜಿನ ಅಂಚಿಗೆ ಬಡಿದು ಕಾರ್ಯದರ್ಶಿಯವರ ಭುಜಕ್ಕೆ ತಾಗಿತು. ನೋಡಲ್ ಅಧಿಕಾರಿಗಳು ಸಭೆಯನ್ನು ಮುಂದೂಡಿದರು. ನಾನು ವೇದಿಕೆಯ ಮೇಲೆಯೇ ನಿಂತಿದ್ದೆ. ಕಾಲು ನಡುಗುತ್ತಿದ್ದುದು ಹೊರಗೆ ಕಾಣಬಾರದೆಂದು ಮೇಜನ್ನು ಒತ್ತಿ ಹಿಡಿದುಕೊಂಡಿದ್ದೆ. ಆ ಭಯವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಪ್ರತಿನಿಧಿಗಳು ಆಯುಧ ಹಿಡಿಯಬೇಕೆ ಎಂಬ ಪ್ರಶ್ನೆಯನ್ನು ಆ ಭಯ ಉಂಡವರ ಕಡೆಯಿಂದ ನೋಡದೆ ಉತ್ತರಿಸಿದರೆ ಅದು ಅರ್ಧ ಉತ್ತರವಾಗುತ್ತದೆ.

ಪಿಸ್ತೂಲಿನ ಸಲಹೆ ಬಂದದ್ದು ಸಭೆ ಮುಗಿದ ವಾರದಲ್ಲಿ, ಪಕ್ಕದ ತಾಲೂಕಿನ ಮಾಜಿ ಸದಸ್ಯರೊಬ್ಬರಿಂದ. "ತೋರಿಸುವುದು ಬೇಡ, ಇದೆ ಎಂದು ಊರಿಗೆ ಗೊತ್ತಾದರೆ ಸಾಕು, ಕುರ್ಚಿ ಎತ್ತುವ ಕೈ ಅಲ್ಲಿಯೇ ನಿಲ್ಲುತ್ತದೆ" ಎಂದರು. ಆ ದಿನಗಳಲ್ಲಿ ನನಗೆ ಅದು ಸರಿಯೆಂದೇ ಕಂಡಿತು. ಮನೆಯಲ್ಲಿರುವ ಕೋವಿಯ ಪರವಾನಗಿ ಬೆಳೆ ರಕ್ಷಣೆಗೆ ಕೊಟ್ಟದ್ದು. ಅದನ್ನು ನನ್ನ ಜಮೀನಿನ ಹೊರಗೆ ಹೆಗಲಿಗೇರಿಸಿ ಓಡಾಡುವಂತಿಲ್ಲ. ಸ್ವರಕ್ಷಣೆಗೆಂದು ಬೇರೆಯೇ ಪರವಾನಗಿ ಬೇಕು. ಆಯುಧ ಕಾಯಿದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ; ನನ್ನ ಬಳಿ ಒಂದೇ ಇದ್ದುದರಿಂದ ಆ ಲೆಕ್ಕದಲ್ಲಿ ಅಡ್ಡಿಯಿರಲಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಆಯುಧವನ್ನು ಮನೆಯಲ್ಲಿ ಭದ್ರವಾಗಿಡುತ್ತೇನೆಂಬ ಮುಚ್ಚಳಿಕೆ, ಇವನ್ನೆಲ್ಲ ಒಂದು ವಾರದಲ್ಲಿ ಕೂಡಿಸಿದೆ. ಅರ್ಜಿಯಲ್ಲಿ ಪರವಾನಗಿ ಏಕೆ ಬೇಕೆಂದು ಕೇಳುವ ಜಾಗದಲ್ಲಿ ನಾನು ಬರೆದದ್ದು ಇಷ್ಟು: "ಗ್ರಾಮ ಪಂಚಾಯತ್ ಅಧ್ಯಕ್ಷನಾಗಿ ಸಾರ್ವಜನಿಕ ಸಭೆಗಳನ್ನು ನಡೆಸುವಾಗ ಪ್ರಾಣಾಪಾಯದ ಸಂಭವವಿರುವುದರಿಂದ." ಈ ಒಂದು ವಾಕ್ಯದ ಮೇಲೆಯೇ ಮುಂದಿನ ಆರು ತಿಂಗಳು ನಿಂತವು.

ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೆ. ಕೆಲವೇ ದಿನಗಳಲ್ಲಿ ಠಾಣೆಯಿಂದ ಕರೆ ಬಂತು: ಕೋವಿ ಠೇವಣಿ ಇಡಬೇಕು. ಪ್ರತಿ ಚುನಾವಣೆಯಲ್ಲಿ ನಮ್ಮ ಕಡೆ ಇದೊಂದು ದೊಡ್ಡ ಅಸಮಾಧಾನದ ವಿಷಯ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು ಎಂದು ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಲು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇರುತ್ತದೆ. ಆದರೂ ಕೃಷಿಕರಿಗೆ ಅನುಭವಕ್ಕೆ ಬರುವುದು ಎಲ್ಲರೂ ಸಾಲಾಗಿ ಬಂದು ಇಟ್ಟು ಹೋಗಿ ಎಂಬ ಸೂಚನೆಯೇ. ಹಲಸು ಹಣ್ಣಾಗುವ ಹೊತ್ತಿಗೆ ಆನೆ ಇಳಿಯುವ ಊರಿನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಕೋವಿಯಿಲ್ಲದೆ ಇರಬೇಕೆಂದರೆ ಸಿಟ್ಟು ಬರುವುದು ಸಹಜ. ಕೃಷಿಕರಿಗೆ ವಿನಾಯಿತಿ ಇರಬೇಕೆಂಬ ವಾದವನ್ನು ನಾನು ಇಂದಿಗೂ ಒಪ್ಪುತ್ತೇನೆ.

ಅಂದು ಠಾಣೆಯ ಜಗಲಿಯಲ್ಲಿ ಹದಿನಾಲ್ಕು ಜನರಿದ್ದೆವು. ಗೋಣಿಯಲ್ಲಿ ಸುತ್ತಿದ ಕೋವಿ, ಹಳೆಯ ಪಂಚೆಯಲ್ಲಿ ಕಟ್ಟಿದ ಕೋವಿ, ಕ್ಯಾನ್‌ವಾಸ್ ಚೀಲದ ಕೋವಿ. ದಾಖಲೆ ಬರೆಯುವ ಠಾಣೆಯ ಬರಹಗಾರರು ಒಂದೊಂದನ್ನೂ ಬಿಡಿಸಿ, ನಂಬರ್ ಓದಿ, ನಳಿಗೆಯ ಒಳಗೆ ಬೆಳಕಿಗೆ ಹಿಡಿದು ನೋಡಿ, ಸೆಣಬಿನ ದಾರದಲ್ಲಿ ಚೀಟಿ ಕಟ್ಟಿ ಗೋಡೆಗೆ ಒರಗಿಸುತ್ತಿದ್ದರು. ನನ್ನ ಕೋವಿಯ ಹಿಡಿಯಲ್ಲಿ ತಂದೆಯವರ ಅಂಗೈ ತಾಗಿ ತಾಗಿ ನುಣುಪಾದ ಒಂದು ಜಾಗವಿದೆ; ದಾರ ಅದರ ಮೇಲೆಯೇ ಬಂತು. ರಸೀದಿ ಬರೆಯುತ್ತಿದ್ದ ದಫೇದಾರರಿಗೆ ನನ್ನ ಹೊಸ ಅರ್ಜಿಯ ವಿಷಯ ಗೊತ್ತಿತ್ತು. "ಚುನಾವಣೆ ಮುಗಿಯುವ ತನಕ ಅದು ಮುಂದೆ ಹೋಗುವುದಿಲ್ಲ ಅಧ್ಯಕ್ಷರೇ" ಎಂದು ಹೇಳಿ, ತಲೆಯೆತ್ತದೆಯೇ ಇನ್ನೊಂದು ಮಾತು ಸೇರಿಸಿದರು: "ಮತಗಟ್ಟೆಯ ಹತ್ತಿರ ನೀವು ಆಯುಧ ತಂದರೆ ಕೇಸು. ಮತ ಹಾಕುವವರು, ಗ್ರಾಮ ಸಭೆಗೆ ಬರುವವರು, ಎರಡೂ ಒಂದೇ ಜನ ಅಲ್ಲವೇ?"

ಅವರು ಅದನ್ನು ಒಂದು ದೊಡ್ಡ ವಾದವೆಂದು ಹೇಳಿರಲಿಲ್ಲ, ಕೆಲಸದ ನಡುವೆ ಬಂದ ಮಾತು. ಆದರೆ ನಾನು ಮನೆಗೆ ಬಂದು ಪಂಚಾಯತ್ ಸದಸ್ಯರ ತರಬೇತಿಯಲ್ಲಿ ಕೊಟ್ಟ ಪುಸ್ತಕ ತೆರೆದು ನೋಡಿದೆ. ಸಂವಿಧಾನದ 243ನೆಯ ವಿಧಿ ಗ್ರಾಮ ಸಭೆಯೆಂದರೆ ಏನೆಂದು ಹೇಳುವುದು ಹೀಗೆಯೇ: ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲ ಸೇರಿ ಆಗುವ ಮಂಡಲಿ. ಪ್ರಜಾಪ್ರತಿನಿಧಿ ಕಾಯಿದೆಯ 134ಬಿ ಸೆಕ್ಷನ್, ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಚುನಾವಣಾ ಅಧಿಕಾರಿಗಳನ್ನೂ ಕಾವಲಿಗೆ ನೇಮಕವಾದವರನ್ನೂ ಬಿಟ್ಟು ಬೇರಾರೂ ಮತದಾನದ ದಿನ ಮತಗಟ್ಟೆಯ ಆಸುಪಾಸಿನಲ್ಲಿ ಆಯುಧ ಹಿಡಿದು ಬರಕೂಡದೆನ್ನುತ್ತದೆ. ಮೀರಿದರೆ ಎರಡು ವರ್ಷದವರೆಗೆ ಶಿಕ್ಷೆಯಿದೆ. ಐದು ವರ್ಷಕ್ಕೊಮ್ಮೆ ಗುಟ್ಟಾಗಿ ಗುಂಡಿ ಒತ್ತುವಾಗ ಮತದಾರನ ಸುತ್ತ ಇಷ್ಟು ಕಾವಲಿದ್ದರೆ, ಅದೇ ಮತದಾರ ಆರು ತಿಂಗಳಿಗೊಮ್ಮೆ ಎಲ್ಲರೆದುರು ಎದ್ದು ನಿಂತು, ತಾನೇ ಆರಿಸಿದವನ ಮುಖ ನೋಡಿ, ಲೆಕ್ಕ ಕೇಳುವಾಗ ಎಷ್ಟಿರಬೇಕು? ಮತ ಹಾಕುವುದಕ್ಕಿಂತ ಪ್ರಶ್ನೆ ಕೇಳುವುದಕ್ಕೇ ಹೆಚ್ಚು ಧೈರ್ಯ ಬೇಕು. ಅಲ್ಲಿ ಆಯುಧವಿರುವುದು ಕೇಳುವವನಲ್ಲಲ್ಲ, ಉತ್ತರ ಕೊಡಬೇಕಾದವನಲ್ಲಿ ಎಂದಾದರೆ ಆ ಧೈರ್ಯ ಎಷ್ಟು ಜನರಲ್ಲಿ ಉಳಿದೀತು?

ಇಷ್ಟಾದರೂ ಅರ್ಜಿ ಹಿಂತೆಗೆಯುವ ಯೋಚನೆ ಆಗ ಬರಲಿಲ್ಲ. ಬುದ್ಧಿಗೆ ತಿಳಿದದ್ದು ಹೊಟ್ಟೆಯೊಳಗಿನ ಹೆದರಿಕೆಗೆ ತಿಳಿಯುವುದು ನಿಧಾನ.

ಕೋವಿಯೆಂದರೆ ಹಿಂಸೆಯೆಂದು ನೋಡುವ ನೋಟ ನನ್ನದಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಊರಿನಿಂದ ಘಟ್ಟ ಹತ್ತಿದರೆ ಕೊಡಗು. ಅಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ಪೂ ಎಂಬ ಹೂವಿನ ಅಲಂಕಾರ ಮಾಡಿ ಪೂಜಿಸುತ್ತಾರೆ. ಹುಟ್ಟು ಸಾವುಗಳಲ್ಲಿ ಗುಂಡು ಹಾರಿಸುವ ಪದ್ಧತಿಯಿದೆ. ಕೊಡವ ಜನಾಂಗದವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯುಳ್ಳವರಿಗೂ ಪರವಾನಗಿಯಿಂದ ಬಹಳ ಹಿಂದಿನಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ, ವಿಸ್ತರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನನ್ನ ಹೆಂಡತಿಯ ಅಕ್ಕನನ್ನು ಕೊಟ್ಟದ್ದು ವಿರಾಜಪೇಟೆಯ ಕಡೆಗೆ. ಷಡ್ಡಕರನ್ನು ಒಮ್ಮೆ ಕೇಳಿದೆ: "ನಿಮ್ಮಲ್ಲಿ ಯಾರಾದರೂ ಗ್ರಾಮ ಸಭೆಗೆ ಕೋವಿ ತೆಗೆದುಕೊಂಡು ಹೋಗುತ್ತಾರಾ?" ಅವರು ಪ್ರಶ್ನೆ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. "ಕೋವಿ ಇರುವುದು ಮನೆಯ ದೇವರ ದೀಪದ ಹತ್ತಿರ. ಪಂಚಾಯತಿಗೆ ಏಕೆ?" ಎಂದರು. ಕೋವಿಯನ್ನು ಗೌರವಿಸುವ ಜನ ಅದಕ್ಕೆ ಒಂದು ಜಾಗ ಗೊತ್ತುಮಾಡಿ ಇಟ್ಟಿರುತ್ತಾರೆ. ಆ ಜಾಗ ಬಿಟ್ಟು ಬೇರೆಡೆ ಅದನ್ನು ಒಯ್ಯುವುದು ಅವರಿಗೆ ಗೌರವದ ಲಕ್ಷಣವಾಗಿ ಕಾಣುವುದಿಲ್ಲ.

ಜೂನ್ 4ರ ಮತ ಎಣಿಕೆ ಮುಗಿದು, ನೀತಿ ಸಂಹಿತೆ ತೆರವಾದ ಮೇಲೆ ಕೋವಿ ಬಿಡಿಸಿಕೊಳ್ಳಲು ಹೋದೆ. ಮಳೆ ಹಿಡಿದಿತ್ತು. ರಸೀದಿಯ ಜೊತೆ ಮೂಲ ಪರವಾನಗಿ ಪುಸ್ತಕವನ್ನೂ ತೋರಿಸಬೇಕಾಗಿತ್ತು. ನನ್ನ ಸರದಿ ಬರುವ ತನಕ ಬೆಂಚಿನಲ್ಲಿ ಕುಳಿತು ಆ ಪುಸ್ತಕ ತಿರುವುತ್ತಿದ್ದಾಗ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಷರತ್ತುಗಳ ಪುಟ ಕಣ್ಣಿಗೆ ಬಿತ್ತು. ನನ್ನ ತಂದೆ ನಲವತ್ತು ವರ್ಷ, ನಾನು ಏಳು ವರ್ಷ ಇಟ್ಟುಕೊಂಡ ಕಾಗದವದು. ನಾನಂತೂ ಅದನ್ನು ಪೂರ್ತಿ ಓದಿರಲಿಲ್ಲ. ಅದರಲ್ಲಿ ಒಂದು ಷರತ್ತಿನ ಸಾರ ಹೀಗಿತ್ತು: ಜಿಲ್ಲಾ ದಂಡಾಧಿಕಾರಿಗಳ ವಿಶೇಷ ಅನುಮತಿ ಇಲ್ಲದೆ ಪರವಾನಗಿದಾರನು ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ ಅಥವಾ ಇತರ ಸಾರ್ವಜನಿಕ ಸಭೆಗೆ ಒಯ್ಯತಕ್ಕದ್ದಲ್ಲ, ವಿದ್ಯಾಸಂಸ್ಥೆಯ ಆವರಣದೊಳಕ್ಕೂ ಒಯ್ಯತಕ್ಕದ್ದಲ್ಲ.

ಎರಡು ಸಲ ಓದಿದೆ. ಬರಹಗಾರರನ್ನು ಕೇಳಿದೆ: "ಸ್ವರಕ್ಷಣೆಯ ಪರವಾನಗಿಗೂ ಈ ಷರತ್ತು ಇರುತ್ತದೆಯೇ?" "ಇರುತ್ತದೆ ಸರ್. ಪಿಸ್ತೂಲಾದರೂ ಅಷ್ಟೇ, ಕೋವಿಯಾದರೂ ಅಷ್ಟೇ" ಎಂದರು.

ನಾನು ಯಾವ ಕಾರಣಕ್ಕಾಗಿ ಪಿಸ್ತೂಲು ಬೇಕೆಂದು ಬರೆದುಕೊಟ್ಟಿದ್ದೆನೋ, ಅದೇ ಕಾರಣದ ಜಾಗಕ್ಕೆ ಅದನ್ನು ಒಯ್ಯಬಾರದೆಂದು ಕಾನೂನು ಮೊದಲೇ ಹೇಳಿಯಾಗಿತ್ತು. ನಮ್ಮ ಗ್ರಾಮ ಸಭೆ ಸಾರ್ವಜನಿಕ ಸಭೆ, ನಡೆಯುವುದು ಶಾಲೆಯಲ್ಲಿ. ಷರತ್ತಿನ ಎರಡು ಭಾಗಗಳೂ ನನಗೆ ತಾಗುತ್ತಿದ್ದವು. ಪರವಾನಗಿ ಸಿಕ್ಕಿದರೂ ಸಭೆಯ ದಿನ ಪಿಸ್ತೂಲನ್ನು ಮನೆಯ ಕಪಾಟಿನಲ್ಲಿ ಬಿಟ್ಟು ಬರಬೇಕಿತ್ತು, ಇಲ್ಲವೇ ಷರತ್ತು ಮುರಿದು ಅಧ್ಯಕ್ಷನ ಕುರ್ಚಿಯಲ್ಲಿ ಕೂರಬೇಕಿತ್ತು. "ಇದೆ ಎಂದು ಊರಿಗೆ ಗೊತ್ತಾದರೆ ಸಾಕು" ಎಂಬ ಸಲಹೆಯ ಪೊಳ್ಳುತನ ಆಗ ತಿಳಿಯಿತು. ಊರಿಗೆ ಗೊತ್ತಾಗುವಂತೆ ಆಯುಧವಿಟ್ಟುಕೊಳ್ಳುವುದೆಂದರೆ ಹೆದರಿಸುವುದೇ ಅಲ್ಲವೇ?

ಬೆಂಚಿನಲ್ಲಿ ಕುಳಿತಿದ್ದಾಗಲೇ ತರಬೇತಿಯ ಮೈದಾನವೂ ನೆನಪಾಯಿತು. ಅಲ್ಲಿ ನಮಗೆ ಕಲಿಸಿದ ಸಶಸ್ತ್ರ ಪಡೆಯ ಹಿರಿಯರು ಮೊದಲ ದಿನ ಒಂದೇ ಪಾಠವನ್ನು ಹೇಳಿಸಿದ್ದರು: ಗುಂಡು ತುಂಬಿರಲಿ, ಇಲ್ಲದಿರಲಿ, ಕೋವಿಯ ಬಾಯಿ ಮನುಷ್ಯರಿಲ್ಲದ ಕಡೆಗೇ ಇರಬೇಕು, ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಬೆರಳು ಕೋವಿಯ ಕುದುರೆಯ (ಟ್ರಿಗರಿನ) ಹತ್ತಿರ ಹೋಗಕೂಡದು. ಗುರಿಯ ಹಿಂದೆ ಮಣ್ಣಿನ ದಿಬ್ಬ ಕಟ್ಟಿದ್ದು ಅದಕ್ಕಾಗಿಯೇ. ನಾನು ಶಾಲೆಯ ಸಭಾಂಗಣವನ್ನು ಮನಸ್ಸಿನಲ್ಲಿ ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿದೆ. ಎದುರಿಗೆ ಕುರ್ಚಿಗಳು, ಬಲಕ್ಕೆ ಅಂಗನವಾಡಿ ಕಾರ್ಯಕರ್ತೆಯರ ಸಾಲು, ಎಡಕ್ಕೆ ಬಿಸಿಯೂಟದ ಕೋಣೆಯ ಬಾಗಿಲು, ಬೆನ್ನ ಹಿಂದೆ ಹಾಳೆಯಷ್ಟು ತೆಳುವಾದ ಪ್ಲೈವುಡ್ ಮತ್ತು ಅದರಾಚೆ ಮೂರನೆಯ ತರಗತಿ. ಮನುಷ್ಯರಿಲ್ಲದ ದಿಕ್ಕೇ ಅಲ್ಲಿಲ್ಲ. ಮೈಕನ್ನೇ ಬಿಗಿಹಿಡಿದುಕೊಳ್ಳಲಾಗದವನ ಸೊಂಟದಿಂದ ಆ ನೂಕುನುಗ್ಗಲಿನಲ್ಲಿ ಪಿಸ್ತೂಲನ್ನು ಇನ್ನೊಬ್ಬ ಕಿತ್ತುಕೊಳ್ಳುವುದು ಎಷ್ಟು ಹೊತ್ತಿನ ಕೆಲಸ?

ಜುಲೈ ಕೊನೆಯಲ್ಲಿ ನನ್ನ ಅರ್ಜಿಯ ಮೇಲಿನ ವಿಚಾರಣೆಗೆ ದಫೇದಾರರು ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ಚಹಾ ಕುಡಿದು, ಹಾಳೆ ತೆಗೆದು, ಹೇಳಿಕೆ ಬರೆಯತೊಡಗಿದರು. ಹೆಸರು, ಪ್ರಾಯ, ಕಸುಬು, ಮೊಕದ್ದಮೆಗಳಿವೆಯೇ. ಆಮೇಲೆ ಕೇಳಿದರು: "ಪ್ರಾಣಬೆದರಿಕೆ ಯಾರಿಂದ? ಹೆಸರು ಹೇಳಿ."

ನನಗೆ ತಟ್ಟನೆ ಉತ್ತರ ಬರಲಿಲ್ಲ. ಫೋನ್ ಮಾಡಿದವರು ಯಾರೆಂದು ಖಚಿತವಿರಲಿಲ್ಲ. ಮೈಕು ಕಿತ್ತವನು ಯಾರೆಂದು ಗೊತ್ತಿತ್ತು. ನನ್ನದೇ ವಾರ್ಡಿನ ಹುಡುಗ, ಅವನ ಮನೆಗೆ ನಳ್ಳಿ ನೀರಿನ ಸಂಪರ್ಕ ಕೊಡಿಸಿದ್ದು ನಾನೇ. ಕುರ್ಚಿ ಒಗೆದವನ ತಂದೆಗೂ ನನ್ನ ತಂದೆಗೂ ಸ್ನೇಹವಿತ್ತು. ಇವರಿಂದ ನನ್ನ ಪ್ರಾಣಕ್ಕೆ ಅಪಾಯವಿದೆ, ಅದನ್ನು ತಡೆಯಲು ಗುಂಡು ಹಾರಿಸುವ ಹಕ್ಕು ಕೊಡಿ ಎಂದು ಸರಕಾರಿ ಕಾಗದದ ಮೇಲೆ ಹೇಳಬೇಕಾಗಿತ್ತು. ಹಾಗೆ ಹೇಳಿದರೆ ಸುಳ್ಳಾಗುತ್ತಿತ್ತು. ಅವರು ಮಾಡಿದ್ದು ತಪ್ಪು, ಅಪರಾಧವೂ ಹೌದು. ಆದರೆ ಅದು ಕೂಲಿ ಹೋದವರ ರೋಷ; ಕೊಲ್ಲಲು ಬಂದವರ ಕೆಲಸವಲ್ಲ. ಇನ್ನೊಂದು ಸತ್ಯವೂ ಇತ್ತು. ನಿಜವಾಗಿ ಹೆದರಿಸಿದ ಫೋನ್ ಕರೆಗಳ ಬಗ್ಗೆ ನಾನು ಆ ತನಕ ಒಂದು ಲಿಖಿತ ದೂರನ್ನೂ ಕೊಟ್ಟಿರಲಿಲ್ಲ. ದೂರು ಕೊಟ್ಟರೆ ಪುಕ್ಕಲನೆನ್ನುತ್ತಾರೆಂಬ ಅಳುಕಿನಿಂದ ಅದನ್ನು ಬಿಟ್ಟು, ನೇರವಾಗಿ ಪಿಸ್ತೂಲು ಕೇಳಲು ಹೋಗಿದ್ದೆ. ದಫೇದಾರರು ಪೆನ್ನು ಕೆಳಗಿಟ್ಟು, "ಯೋಚನೆ ಮಾಡಿ ಹೇಳಿ, ಅವಸರವಿಲ್ಲ. ನಾಡಿದ್ದು ಠಾಣೆಗೆ ಬನ್ನಿ" ಎಂದು ಹೇಳಿ ಎದ್ದರು.

ಆ ಎರಡು ದಿನಗಳಲ್ಲಿ ನಾನು ಇಬ್ಬರೊಡನೆ ಮಾತಾಡಿದೆ. ಒಬ್ಬನು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ. ಅವನು ಪಿಸ್ತೂಲಿನ ಪರವಾಗಿಯೇ ಇದ್ದ. "ಮಾವ, ಇಲ್ಲಿ ನಗರಸಭೆಯ ಸಭೆಗೇ ನುಗ್ಗಿ ಕೊಂದದ್ದಿದೆ" ಎಂದು ಮಿಸೌರಿ ರಾಜ್ಯದ ಕರ್ಕ್‌ವುಡ್ ಪಟ್ಟಣದ ವಿಷಯ ಹೇಳಿದ. ನಾನು ಅದನ್ನು ಹುಡುಕಿ ವಿವರವಾಗಿ ಓದಿದೆ. 2008ರ ಫೆಬ್ರವರಿ 7ರಂದು, ಪಟ್ಟಣದ ಆಡಳಿತದೊಡನೆ ವರ್ಷಗಳಿಂದ ಜಗಳವಾಡುತ್ತಿದ್ದ ಒಬ್ಬ ವ್ಯಕ್ತಿ ಸಭಾಭವನದ ಹೊರಗೆ ಮೊದಲು ಒಬ್ಬ ಪೊಲೀಸ್ ಅಧಿಕಾರಿಯನ್ನು ಕೊಂದು ಅವರದೇ ಪಿಸ್ತೂಲನ್ನು ತೆಗೆದುಕೊಂಡ. ಒಳಗೆ ಹೋಗಿ ಇನ್ನೊಬ್ಬ ಪೊಲೀಸರನ್ನು, ಆಮೇಲೆ ಇಬ್ಬರು ಸದಸ್ಯರನ್ನು ಮತ್ತು ಒಬ್ಬ ಅಧಿಕಾರಿಯನ್ನು ಕೊಂದ. ಗಾಯಗೊಂಡ ಮೇಯರ್ ಕೆಲವು ತಿಂಗಳ ಬಳಿಕ ತೀರಿಕೊಂಡರು. ಓದಿ ಮುಗಿಸಿದಾಗ ನನ್ನ ಮನಸ್ಸು ಭಾರವಾಯಿತು. ಇಂಥದ್ದು ಎಲ್ಲಿಯೂ ಆಗುವುದಿಲ್ಲವೆಂದು ಹೇಳುವವರು ಸುಳ್ಳು ಹೇಳುತ್ತಾರೆ. ಆದರೆ ಅಂದು ಮೊದಲು ಬಿದ್ದವರು ಆಯುಧವಿದ್ದವರೇ, ತರಬೇತಿ ಪಡೆದವರೇ. ಮತ್ತು ಅವರ ಆಯುಧವೇ ಕೊಲೆಗಾರನ ಕೈಸೇರಿತು. ಸೋದರಳಿಯ ಹೇಳಹೊರಟದ್ದಕ್ಕೆ ಅದು ಪುಷ್ಟಿ ಕೊಡುವಂತೆ ನನಗೆ ಕಾಣಲಿಲ್ಲ.

ಇನ್ನೊಬ್ಬರು ನಮ್ಮ ಪಂಚಾಯತ್‌ನ ಸದಸ್ಯೆ, ಬೀಡಿ ಕಟ್ಟುವ ಕಾಲೊನಿಯ ವಾರ್ಡಿನವರು. ಅವರಲ್ಲಿ ನಾನು ಅಭಿಪ್ರಾಯ ಕೇಳಿದಾಗ ಅವರು ಪಿಸ್ತೂಲಿನ ಬಗ್ಗೆ ಏನೂ ಹೇಳಲಿಲ್ಲ. ತಮ್ಮ ವಾರ್ಡಿನ ಒಬ್ಬ ವಿಧವೆಯ ಕಥೆ ಹೇಳಿದರು. ಆ ಹೆಂಗಸಿಗೆ ಮನೆ ಕಟ್ಟಲು ಸರಕಾರದಿಂದ ಬರಬೇಕಾದ ಹಣದ ಕಂತು ತಡೆದು ಎರಡು ವರ್ಷವಾಗಿತ್ತು. ಮೊದಲ ಗ್ರಾಮ ಸಭೆಗೆ ಬಂದು ಬಾಗಿಲ ಹೊರಗೆ ನಿಂತು ಹೋದರಂತೆ. ಎರಡನೆಯದಕ್ಕೆ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತರಂತೆ. ಮೂರನೆಯ ಸಭೆಯಲ್ಲಿ ಮಾತಾಡಬೇಕೆಂದು ಚೀಟಿ ಬರೆಸಿ ಸೀರೆಯ ಸೆರಗಿನಲ್ಲಿ ಕಟ್ಟಿ ತಂದಿದ್ದರಂತೆ. ಅದೇ ಜನವರಿಯ ಸಭೆ, ಕುರ್ಚಿ ಹಾರಿದ ಸಭೆ. "ಇನ್ನು ಬರುವುದಿಲ್ಲ ಎನ್ನುತ್ತಾಳೆ. ನಾನು ಹೇಗಾದರೂ ಕರೆದುಕೊಂಡು ಬರುತ್ತೇನೆ ಅಧ್ಯಕ್ಷರೇ, ನೀವು ಅವಳು ಕೂರುವ ಹಾಗೆ ಸಭೆ ಮಾಡಿ" ಎಂದರು. ಕುರ್ಚಿ ಒಗೆದವರು ಆ ಹೆಂಗಸನ್ನು ಹೊರಗೆ ಅಟ್ಟಿದ್ದರು. ನಾನು ಪಿಸ್ತೂಲು ಕಟ್ಟಿಕೊಂಡು ಕುಳಿತರೆ ಅವರು ಅಟ್ಟಿದ ಕೆಲಸವನ್ನು ನಾನು ಪೂರ್ತಿ ಮಾಡಿದಂತಾಗುತ್ತಿತ್ತು.

ಮರುದಿನ ಠಾಣೆಗೆ ಎರಡು ಕಾಗದಗಳನ್ನು ಬರೆದುಕೊಂಡು ಹೋದೆ. ಒಂದು, ಅರ್ಜಿ ಹಿಂತೆಗೆಯುವ ಪತ್ರ. ಅದರ ಇನ್ನೊಂದು ಪ್ರತಿಯನ್ನು ಪರವಾನಗಿ ಕೊಡುವ ಕಚೇರಿಗೂ ಕಳುಹಿಸಿದೆ. ಮತ್ತೊಂದು, ಬೆದರಿಕೆ ಕರೆಗಳ ದಿನಾಂಕ, ಹೊತ್ತು, ಬಂದ ನಂಬರುಗಳನ್ನು ಬರೆದ ದೂರು. ದೂರನ್ನು ಕೊಟ್ಟು ರಸೀದಿ ಕೈಗೆ ಬಂದಾಗ ಆದ ಸಮಾಧಾನ ಆರು ತಿಂಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ಕರೆಗಳು ಆ ತಿಂಗಳೇ ನಿಂತವು.

ಮುಂದಿನ ಗ್ರಾಮ ಸಭೆ ಆಗಸ್ಟ್ ಕೊನೆಯ ವಾರದಲ್ಲಿತ್ತು. ಹದಿನೈದು ದಿನ ಮೊದಲೇ ಪಂಚಾಯತ್‌ನಿಂದ ಠಾಣೆಗೆ ಬಂದೋಬಸ್ತು ಕೋರಿ ಪತ್ರ ಹೋಯಿತು. ನಮ್ಮಲ್ಲಿ ಇಲಾಖಾ ಮಾಹಿತಿ ಕೊಡಲು ಬೀಟ್ ಪೊಲೀಸರು ಹೇಗೂ ಬರುತ್ತಾರೆ, ಈ ಸಲ ಇನ್ನಿಬ್ಬರು ಬಂದು ಬಾಗಿಲ ಬಳಿ ನಿಂತರು. ವೇದಿಕೆಯ ಮೇಲಿನ ಮೇಜನ್ನು ಕೆಳಗಿಳಿಸಿ ಜನರ ಮಟ್ಟಕ್ಕೆ ಹಾಕಿಸಿದೆವು. ಮೈಕನ್ನು ನನ್ನ ಕೈಯಿಂದ ತೆಗೆದು ನಡುದಾರಿಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಕೋರೆಯ ವಿಷಯವನ್ನು ಕೊನೆಗೆ ತಳ್ಳದೆ ಮೊದಲ ವಿಷಯವಾಗಿ ಇಟ್ಟು, ಕೆಲಸ ಹೋದವರಿಗೆ ಮೊದಲು ಮಾತಾಡಲು ಬಿಟ್ಟೆವು. ಜನವರಿಯಲ್ಲಿ ಮೈಕು ಕಿತ್ತವನೇ ಬಂದು ಅದೇ ಮೈಕಿನ ಮುಂದೆ ಹನ್ನೊಂದು ನಿಮಿಷ ಮಾತಾಡಿದ. ಏರುದನಿಯಲ್ಲಿಯೇ ಮಾತಾಡಿದ, ನನ್ನನ್ನು ನೇರವಾಗಿ ದೂರಿದ. ಮೋರಿ ಕುಸಿಯದ ಬೇರೆ ದಾರಿಯೊಂದಿದೆ, ಅರ್ಧ ಲೋಡಿನಲ್ಲಿ ಹೋಗಲು ಬಿಡಿ ಎಂದು ಅವನು ಹೇಳಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿದೆವು. ಆ ಬೇಡಿಕೆ ಈಗಲೂ ಇಲಾಖೆಗಳ ನಡುವೆ ಓಡಾಡುತ್ತಿದೆ; ಪೂರ್ತಿ ಬಗೆಹರಿದಿಲ್ಲ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಆ ಹೆಂಗಸು ಎದ್ದು ನಿಂತರು. ಚೀಟಿ ನೋಡಿ ಓದಿದರು, ಸ್ವರ ಬಹಳ ಸಣ್ಣಗಿತ್ತು. ಹಿಂದಿನವರು ಕೇಳಿಸುವುದಿಲ್ಲವೆಂದಾಗ ಮೈಕಿನ ಹತ್ತಿರ ಬಂದು ಇನ್ನೊಮ್ಮೆ ಓದಿದರು. ಕಂತು ಏಕೆ ತಡೆಯಿತೆಂದು ಅಭಿವೃದ್ಧಿ ಅಧಿಕಾರಿಯವರು ಅಲ್ಲಿಯೇ ಕಡತ ತರಿಸಿ ಹೇಳಬೇಕಾಯಿತು. ಅಕ್ಟೋಬರಿನಲ್ಲಿ ಹಣ ಬಂತು.

ಬಿಹಾರದ ಸ್ನೇಹಿತರು ನನಗಿಲ್ಲ. ಅಲ್ಲಿ ಪಂಚಾಯತ್ ಪ್ರತಿನಿಧಿಗಳ ಕೊಲೆಗಳಾಗಿವೆ. ಅವರ ಹೆದರಿಕೆ ನನ್ನದಕ್ಕಿಂತ ದೊಡ್ಡದೇ ಇದ್ದೀತು. ಮನೆಯಲ್ಲಿ, ದಾರಿಯಲ್ಲಿ ತಮ್ಮ ಜೀವ ಉಳಿಸಿಕೊಳ್ಳಲು ಅವರಿಗೆ ಏನು ಬೇಕೆಂದು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುವುದಿಲ್ಲ. ನನ್ನ ಮಾತು ಸಭೆಗೆ ಮಾತ್ರ ಸೀಮಿತ. ಸಭೆಯಲ್ಲಿ ಪ್ರತಿನಿಧಿಯ ರಕ್ಷಣೆ ಸರಕಾರದ ಹೊಣೆ. ಆ ಹೊಣೆಯನ್ನು ಒಂದು ಪರವಾನಗಿ ಪುಸ್ತಕದ ಮೂಲಕ ಅವನ ಸೊಂಟಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಫೋನ್ ಮಾಡಿದ ಸ್ನೇಹಿತರಿಗೂ ಇದನ್ನೇ ಹೇಳಬೇಕೆಂದಿದ್ದೆ.

ತಂದೆಯವರ ಕೋವಿ ಈಗ ಮನೆಯಲ್ಲಿದೆ. ಎರಡೂವರೆ ತಿಂಗಳು ಠೇವಣಿಯಲ್ಲಿದ್ದಾಗ ನಳಿಗೆಯೊಳಗೆ ಸಣ್ಣಗೆ ತುಕ್ಕು ಹಿಡಿದಿತ್ತು. ಇಡುವ ಮೊದಲು ನಾನು ಎಣ್ಣೆ ಹಚ್ಚಬೇಕಾಗಿತ್ತು, ಹಚ್ಚಿರಲಿಲ್ಲ. ಈ ಸಲ ಹಚ್ಚಿ ಇಟ್ಟಿದ್ದೇನೆ. ಮುಂದಿನ ಗ್ರಾಮ ಸಭೆಯ ದಿನ ಗೊತ್ತಾಗಿದೆ, ಅದೇ ಶಾಲೆಯಲ್ಲಿ. ಬಂದೋಬಸ್ತಿನ ಪತ್ರಕ್ಕೆ ನಿನ್ನೆ ಸಹಿ ಮಾಡಿ ಠಾಣೆಗೆ ಕಳುಹಿಸಿದೆ.